ಅಮಾವಾಸ್ಯೆಯ ಮರುದಿನ ನಿಲ್ಲುತ್ತಿದ್ದ ಹಾಲಿನ ಕಂಪ್ಯೂಟರ್

ಹಳೆಯ ಕಂಪ್ಯೂಟರ್ ಮಾರುವವನಿಗೆ ಪಂಚಾಂಗ ಬೇಕಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಆ ವರ್ಷ ಮಾತ್ರ ಚಿಕ್ಕೋಡಿಯ ನನ್ನ ಅಂಗಡಿಯ ಕ್ಯಾಲೆಂಡರಿನಲ್ಲಿ ಪ್ರತಿ ಅಮಾವಾಸ್ಯೆಗೂ ಪೆನ್ನಿನಿಂದ ಸುತ್ತು ಹಾಕಿಟ್ಟಿದ್ದೆ. ಯಾಕೆಂದರೆ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ, ನಾನು ಮುಖ ತೊಳೆಯುವ ಮೊದಲೇ, ಸದಲಗಾ ಕಡೆಯಿಂದ ಫೋನ್ ಬರುತ್ತಿತ್ತು. ಫೋನ್ ಎತ್ತುವ ಮೊದಲೇ ಮಾತು ಏನೆಂದು ನನಗೆ ಗೊತ್ತಿರುತ್ತಿತ್ತು. "ಸಾವ್ಕಾರ್ರ, ಮತ್ತ ನಿಂತೈತ್ರಿ."

ಫೋನ್ ಮಾಡುತ್ತಿದ್ದವರು ದೂಧಗಂಗೆಯ ದಂಡೆಯ ಒಂದು ಹಳ್ಳಿಯ ಹಾಲಿನ ಸಂಘದ ಸೆಕ್ರೆಟರಿ. ವಯಸ್ಸಾದವರು, ನಾನು ಕಾಕಾ ಎನ್ನುತ್ತಿದ್ದೆ. ಅವರ ಸಂಘಕ್ಕೆ ನಾನೇ ಕಂಪ್ಯೂಟರ್ ಕೊಟ್ಟಿದ್ದೆ. ವ್ಯವಸ್ಥೆ ಸರಳ: ಜನ ಕಿಟ್ಲಿಯಲ್ಲಿ ತಂದ ಹಾಲನ್ನು ತೂಕದ ಕಾಟಾದ ಮೇಲಿನ ಡಬ್ಬಿಗೆ ಸುರಿದರೆ ತೂಕ ತಾನಾಗಿ ಕಂಪ್ಯೂಟರಿಗೆ ಹೋಗುತ್ತದೆ, ಒಂದು ಚಮಚೆಯಷ್ಟು ಹಾಲನ್ನು ಫ್ಯಾಟ್ ನೋಡುವ ಯಂತ್ರ ಹೀರಿಕೊಂಡು ಅದರ ಅಂಕಿಯನ್ನೂ ಕಳಿಸುತ್ತದೆ, ಸದಸ್ಯರ ನಂಬರ್ ಒತ್ತಿದರೆ ಪ್ರಿಂಟರ್ ಕಿರ್ರೆಂದು ಚೀಟಿ ಹೊಡೆಯುತ್ತದೆ. ಯಾರ ಹಾಲಿನಲ್ಲಿ ಎಷ್ಟು ಜೀವ ಇದೆಯೋ ಅಷ್ಟು ದರ.

ಇದು ನಿಂತರೆ ಏನಾಗುತ್ತಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹಾಲಿನ ಗಾಡಿ ಯಾರಿಗೂ ಕಾಯುವುದಿಲ್ಲ. ಒಬ್ಬೊಬ್ಬರ ಫ್ಯಾಟನ್ನು ಕೈಯಲ್ಲಿ ಬರೆದುಕೊಳ್ಳುತ್ತ ಕೂತರೆ ಹಾಲು ತಂದು ನಿಂತವರ ಪಾಳಿ ಅರ್ಧವೂ ಸರಿಯುವುದಿಲ್ಲ. ಹಾಗಾಗಿ ಲೀಟರ್ ಮಾತ್ರ ಅಳೆದು ಎಲ್ಲರಿಗೂ ಒಂದೇ ಸರಾಸರಿ ಫ್ಯಾಟ್ ಹಾಕುತ್ತಿದ್ದರು. ಗಟ್ಟಿ ಹಾಲು ತಂದವರಿಗೆ ನಷ್ಟ, ನೀರು ಬೆರೆಸಿದವರಿಗೆ ಹಬ್ಬ.

ಮೊದಲ ಸಲ ನಿಂತಾಗ ನಾನು ಬೈಕ್ ಹೊಡೆದುಕೊಂಡು ಹೋದೆ. ಪಾಳಿಯಲ್ಲಿ ಮುಂದೆ ನಿಂತಿದ್ದ ಒಬ್ಬ ಹೆಂಗಸು, ಊರಿಗೆಲ್ಲ ಮಾವಶಿ, ಒಂದೇ ಎಮ್ಮೆ ಸಾಕಿಕೊಂಡವರು, ಕಿಟ್ಲಿ ಕೆಳಗಿಡದೆಯೇ ನನ್ನನ್ನು ತಡೆದರು.

"ತಮ್ಮಾ, ನನ್ನ ಎಮ್ಮಿ ಹಾಲಿಗೂ ಆಕಡಿ ನಿಂತವರ ನೀರಿಗೂ ಒಂದಽ ಭಾವ ಏನು? ನಿನ್ನ ಕಂಪ್ಯೂಟರ್ ಬಂದ ಮ್ಯಾಲ ನನ್ನ ಎಮ್ಮಿಗೆ ಒಂದೀಟು ಮರ್ಯಾದಿ ಬಂದಿತ್ತು. ಈಗ ಅದನೂ ಕಸಗೊಂಡಿ."

ಒಳಗೆ ಹೋಗಿ ನೋಡಿದೆ. ತೆರೆಯ ಮೇಲೆ ಮರಾಠಿಯಲ್ಲಿ ಒಂದೇ ಸಾಲು ಇತ್ತು: ಮಶೀನ್ ಜೋಡಲೇಲೆ ನಾಹಿ. ಯಂತ್ರ ಜೋಡಿಸಿಲ್ಲ ಎಂದು ಅರ್ಥ. ಜೋಡಿಸಿಯೇ ಇತ್ತು. ವಾಯರ್ ಎಳೆದು ನೋಡಿದೆ, ಊದಿ ಹಾಕಿದೆ, ಬೇರೆ ಕಿಂಡಿಗೆ ಹಾಕಿದೆ. ಅದೇ ಸಾಲು.

ಈಗ ಸ್ವಲ್ಪ ತಾಂತ್ರಿಕ ಮಾತು. ನಾನು ಕೊಲ್ಹಾಪುರದಲ್ಲಿ ಚೌಕಾಸಿ ಮಾಡಿ ತರುವ ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿ ಕೊಡುತ್ತೇನೆ. ಲೈಸೆನ್ಸ್ ತಲೆನೋವಿಲ್ಲ, ಹಾಡು ತುಂಬಿದ ಪೆನ್‌ಡ್ರೈವ್ ಚುಚ್ಚಿ ವೈರಸ್ ಹತ್ತಿಸುವವರ ಕಾಟವೂ ಕಡಿಮೆ. ಹಾಲಿನ ಲೆಕ್ಕದ ಪ್ರೋಗ್ರಾಮ್ ಬರೆದವನು ಕೊಲ್ಹಾಪುರ ಕಡೆಯ ಒಬ್ಬ ಪ್ರೋಗ್ರಾಮರ್. ಅವನು ಕೊಟ್ಟದ್ದು ಒಂದು ಫೋಲ್ಡರ್, ಅಷ್ಟೇ. ನಕಲು ಮಾಡಿ ಹಾಕಿ, ಓಡುತ್ತದೆ ಎಂದಿದ್ದ. ಓಡಿತ್ತು ಕೂಡ. ಆ ಹಳ್ಳಿಯಲ್ಲಿ ಇಂಟರ್‌ನೆಟ್ ಇರಲಿಲ್ಲ. ಆದ್ದರಿಂದ ಎಲ್ಲ ಸರಿಯಾಗಿ ಓಡಿದ ದಿನವೇ ಇಡೀ ಹಾರ್ಡ್‌ಡಿಸ್ಕಿನ ಪಡಿಯಚ್ಚು ತೆಗೆದು ಡಿವಿಡಿಯಲ್ಲಿ ಇಟ್ಟುಕೊಂಡಿದ್ದೆ. ಏನು ಕೆಟ್ಟರೂ ಆ ಪಡಿಯಚ್ಚನ್ನು ಮರಳಿ ಇಳಿಸಿದರೆ ಕಂಪ್ಯೂಟರ್ ಮೊದಲ ದಿನದ ಹಾಗೆ ಎದ್ದು ಕೂರುತ್ತದೆ. ಸದಸ್ಯರ ನಂಬರು, ಲೆಕ್ಕ ಎಲ್ಲ ಬೇರೆ ಭಾಗದಲ್ಲಿ ಇರುವುದರಿಂದ ಅವಕ್ಕೆ ಧಕ್ಕೆಯಿಲ್ಲ.

ಆ ದಿನವೂ ವಾಯರ್ ಬದಲಿಸಿ, ಪಡಿಯಚ್ಚು ಇಳಿಸಿದೆ. ಓಡಿತು. ವಾಯರೇ ಕೆಟ್ಟಿತ್ತು ಎಂದು ಹೇಳಿ ಬಂದೆ.

ಮುಂದಿನ ಅಮಾವಾಸ್ಯೆ ಮುಗಿದ ಬೆಳಿಗ್ಗೆ ಮತ್ತೆ ಅದೇ ಸಾಲು. ಈ ಸಲ ಯಂತ್ರಕ್ಕೂ ಕಂಪ್ಯೂಟರಿಗೂ ನಡುವಿನ ಕನ್ವರ್ಟರ್ ಬದಲಿಸಿದೆ, ಪಡಿಯಚ್ಚು ಇಳಿಸಿದೆ. ಓಡಿತು. ಅದರ ಮುಂದಿನ ತಿಂಗಳು ಸ್ಟೆಬಿಲೈಸರ್ ಹೊಸದು ತಂದಿಟ್ಟು ಪಡಿಯಚ್ಚು ಇಳಿಸಿದೆ. ಓಡಿತು. ರಿಪೇರಿ ಕೆಲಸಕ್ಕೆ ಇಳಿಯುವವರಿಗೆ ಒಂದು ಮಾತು: ಎರಡು ಔಷಧಿ ಒಟ್ಟಿಗೆ ಕೊಡಬೇಡಿ. ಯಾವುದರಿಂದ ವಾಸಿಯಾಯಿತು ಎಂಬುದು ವೈದ್ಯನಿಗೂ ತಿಳಿಯುವುದಿಲ್ಲ, ರೋಗಿಗೂ ತಿಳಿಯುವುದಿಲ್ಲ. ನಾನು ಹೊಸ ಸಾಮಾನಿಗೆ ಶಾಭಾಸ್ ಹೇಳುತ್ತಿದ್ದೆ. ಕೆಲಸ ಮಾಡುತ್ತಿದ್ದದ್ದು ಹಳೆಯ ಡಿವಿಡಿ.

ಊರಿನವರು ತಮ್ಮದೇ ಕಾರಣ ಹುಡುಕಿಕೊಂಡಿದ್ದರು. ಅಮಾಸಿಗೆ ಕೆಟ್ಟ ಕಣ್ಣಿನ ನದರು ಆಗುತ್ತದೆ, ಇನ್ನೂ ದೊಡ್ಡ ನಿಂಬೆಹಣ್ಣು ಕಟ್ಟಬೇಕು ಎಂದು ಒಬ್ಬರು. ಅಮಾಸಿ ರಾತ್ರಿ ಎಲ್ಲರೂ ಪಂಪ್‌ಸೆಟ್ ನಿಲ್ಲಿಸುವುದರಿಂದ ವೋಲ್ಟೇಜ್ ಏರುತ್ತದೆ ಎಂದು ಇನ್ನೊಬ್ಬರು. ಎರಡನೆಯ ಮಾತನ್ನು ನಾನೂ ನಂಬಿದ್ದೆ. ಸ್ಟೆಬಿಲೈಸರ್ ತಂದಿದ್ದು ಅದಕ್ಕೇ.

ಸಂಘದ ಚೇರಮನ್ನರು ಮಾತ್ರ ಯಾವ ಕಾರಣವನ್ನೂ ಕೇಳಲಿಲ್ಲ. ಕಬ್ಬಿನ ಹೊಲದಿಂದ ನೇರ ಬಂದವರು, ಚಪ್ಪಲಿಯ ಕೆಸರು ಮೆಟ್ಟಿಲಿಗೆ ಒರೆಸುತ್ತ ಹೇಳಿದರು: "ನಾವು ಕಂಪ್ಯೂಟರ್ ತಂದಿದ್ದು ಜಗಳ ಕಡಿಮಿ ಆಗ್ಲಿ ಅಂತ. ಈಗ ತಿಂಗಳಿಗೊಮ್ಮಿ ಜಗಳ ಹುಟ್ಟಸಾಕತ್ತೈತಿ. ಇನ್ನೊಂದ ಅಮಾಸಿಗೆ ನಿಂತಿತಂದ್ರ ನಿಮ್ಮ ಡಬ್ಬಿ ನೀವಽ ಒಯ್ರಿ. ನಾವು ಮೊದಲಿನಂಗ ಪುಸ್ತಕ ಹಿಡೀತೀವಿ, ಎಲ್ಲಾರಿಗೂ ಒಂದಽ ಭಾವ."

ಅವರು ಬೆದರಿಸುತ್ತಿರಲಿಲ್ಲ, ನಿರ್ಧಾರ ಮಾಡಿದ್ದರು. ಜುಗೂಳದ ಸಂಘದವರೂ ಇವರನ್ನು ನೋಡಿ ತಾವು ತರಬೇಕೋ ಬೇಡವೋ ಎಂದು ಕಾಯುತ್ತಿದ್ದರು. ಡಬ್ಬಿ ಹೊತ್ತುಕೊಂಡು ಒಮ್ಮೆ ಹೊರಗೆ ಬಂದರೆ ಕೃಷ್ಣೆಯ ಈಚೆ ದಂಡೆಯಲ್ಲಾಗಲಿ ಆಚೆ ದಂಡೆಯಲ್ಲಾಗಲಿ ನನ್ನ ಮಾತಿಗೆ ಯಾರೂ ಕಿವಿಗೊಡುತ್ತಿರಲಿಲ್ಲ.

ಮರಳುವ ದಾರಿಯಲ್ಲಿ ಬೈಕ್ ನಿಲ್ಲಿಸಿ ಚಹಾ ಕುಡಿಯುತ್ತ ಯೋಚಿಸಿದೆ. ಮೂರು ಸಲವೂ ನಾನು ಹೋಗಿದ್ದು ಹೆಣ ಬಿದ್ದ ಮೇಲೆ. ಸಾಯುವಾಗ ಯಾರೂ ನೋಡಿರಲಿಲ್ಲ. ಮುಂದಿನ ಸಲ ಅಮಾವಾಸ್ಯೆಯ ದಿನವೇ ಹೋಗಿ ಕೂರುವುದು ಎಂದು ನಿರ್ಧರಿಸಿದೆ. ಇಡೀ ಪ್ರಸಂಗದಲ್ಲಿ ನನಗೆ ತಡವಾಗಿ ಬಂದ ಒಳ್ಳೆಯ ಬುದ್ಧಿ ಇದೊಂದೇ.

ಅಮಾವಾಸ್ಯೆಯ ಬೆಳಿಗ್ಗೆ ಹಾಲು ಹಾಕುವುದು ಮುಗಿದಿತ್ತು, ಗಾಡಿ ಹೋಗಿತ್ತು. ಕಾಕಾ ಧೋತರ ಮೇಲೆ ಕಟ್ಟಿ ಸಂಘದ ಕೋಣೆ ತೊಳೆಯುತ್ತಿದ್ದರು. ನಮ್ಮ ಕಡೆ ಅಮಾವಾಸ್ಯೆಗೆ ಲಾರಿ, ಟ್ರ್ಯಾಕ್ಟರ್, ಗಿರಣಿ ಎಲ್ಲವನ್ನೂ ತೊಳೆದು ಪೂಜೆ ಮಾಡುತ್ತಾರೆ. ಸಂಘದಲ್ಲಿ ಹಾಲಿನ ಯಂತ್ರಗಳಿಗೆ ಆ ಮರ್ಯಾದೆ. ಕ್ಯಾನ್ ತೊಳೆದರು, ಕಾಟಾ ಒರೆಸಿದರು, ಫ್ಯಾಟ್ ಯಂತ್ರದ ನಳಿಕೆಗೆ ಬಿಸಿನೀರು ಕುಡಿಸಿದರು, ಎಲ್ಲಕ್ಕೂ ಕುಂಕುಮ ಹಚ್ಚಿ ಅಕ್ಷತೆ ಹಾಕಿದರು. ಕಂಪ್ಯೂಟರಿನ ಮೇಲೂ ಒಂದು ಹಿಡಿ ಅಕ್ಕಿ ಬಿತ್ತು. ನಾನು ಮೂಲೆಯ ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ. ಪೂಜೆಯಿಂದ ಯಾವ ಕಂಪ್ಯೂಟರೂ ಕೆಟ್ಟದ್ದಿಲ್ಲ.

ಆಮೇಲೆ ಕಾಕಾ ಕೈ ಒರೆಸಿಕೊಂಡು ಕುರ್ಚಿ ಎಳೆದು ಕೂತರು. ಹಾಲಿನ ಪ್ರೋಗ್ರಾಮನ್ನು ಮುಚ್ಚದೆ ಕೆಳಗಿಳಿಸಿ, ಕಮಾಂಡ್ ಬರೆಯುವ ಕಪ್ಪು ಕಿಟಕಿ ತೆರೆದು, ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತತೊಡಗಿದರು.

"ಕಾಕಾ, ಏನ್ ಮಾಡಾಕತ್ತೀರಿ?"

"ಕಸಾ ತಗ್ಯಾಕತ್ತೀನ್ರಿ."

"ಎಲ್ಲಿ ಕಸಾ?"

"ಇದರ ಹೊಟ್ಟ್ಯಾಗಿಂದು. ನೀವು ಫೋನ್‌ನ್ಯಾಗ ಪ್ರಿಂಟರ್‌ದು ಏನೋ ಹೊಡಸಿದ್ರಿ ನೋಡ್ರಿ, ಅವತ್ತ ಇದು ತಾನಽ ಹೇಳ್ತು. ಇವು ಇನ್ನ ಬೇಕಾಗಿಲ್ಲ, ಹಿಂಗ ಹೊಡದ್ರ ತಗೀತೀನಿ ಅಂತ. ಅಷ್ಟ ಇಂಗ್ಲಿಷ್ ನನಗೂ ಬರತೈತಿ, ಸಾವ್ಕಾರ್ರ. ಎಲ್ಲಾ ತೊಳದು ಇದನ್ನೊಂದು ಹೊಲಸು ಬಿಟ್ಟರ ಹ್ಯಾಂಗ?"

ಅವರ ಕೈ ಹಿಡಿಯಲು ಎದ್ದವನು ಹಾಗೇ ಕೂತೆ. ಹೊಡೆಯಲಿ, ನೋಡೋಣ. ಕಾಕಾ ಆಟೋರಿಮೂವ್ ಎಂಬ ಕಮಾಂಡ್ ಹೊಡೆದರು. ಯಂತ್ರ ಹೆಸರುಗಳ ಒಂದು ಸಾಲು ತೋರಿಸಿ, ತೆಗೆಯಲೇ ಎಂದು ಕೇಳಿತು. ಕಾಕಾ ವೈ ಒತ್ತಿದರು. ಸಾಲಿನ ನಡುವೆ ಒಂದು ಹೆಸರು ಸರಿದುಹೋಗುವುದನ್ನು ನೋಡಿದೆ. ಕಾಟಾ ಮತ್ತು ಫ್ಯಾಟ್ ಯಂತ್ರದ ಮಾತನ್ನು ಪ್ರೋಗ್ರಾಮಿಗೆ ಮುಟ್ಟಿಸುವ ಸೀರಿಯಲ್ ಲೈಬ್ರರಿ ಅದು.

ವಿಚಿತ್ರವೆಂದರೆ ಆಮೇಲೂ ಹಾಲಿನ ಪ್ರೋಗ್ರಾಮ್ ಸರಿಯಾಗಿಯೇ ಓಡುತ್ತಿತ್ತು. ಕಾಟಾದ ಮೇಲೆ ಕೈ ಒತ್ತಿದರೆ ತೆರೆಯ ಮೇಲೆ ತೂಕ ಬಂತು. ಆಗ ಗಂಟು ಬಿಚ್ಚಿತು. ಓಡುತ್ತಿರುವ ಪ್ರೋಗ್ರಾಮ್ ತನಗೆ ಬೇಕಾದದ್ದನ್ನು ಬೆಳಿಗ್ಗೆಯೇ ನೆನಪಿಗೆ ತುಂಬಿಕೊಂಡಿರುತ್ತದೆ. ಡಿಸ್ಕಿನಿಂದ ಅಳಿಸಿದರೂ ಮುಚ್ಚುವವರೆಗೆ ಅದಕ್ಕೆ ಗೊತ್ತಾಗುವುದಿಲ್ಲ. ಸಂಜೆಯ ಹಾಲು ಸುಸೂತ್ರ ಮುಗಿಯುತ್ತದೆ, ಕಾಕಾ ಯಂತ್ರ ಬಂದ್ ಮಾಡಿ ಮನೆಗೆ ಹೋಗುತ್ತಾರೆ, ಮರುದಿನ ಚಾಲೂ ಮಾಡಿದಾಗ ಲೈಬ್ರರಿ ಇಲ್ಲ. ಅದಕ್ಕೇ ಯಾರಿಗೂ ಈ ತೊಳೆಯುವಿಕೆಯ ಮೇಲೆ ಸಂಶಯ ಬಂದಿರಲಿಲ್ಲ, ಕಾಕಾಗಂತೂ ಬರುವ ಮಾತೇ ಇಲ್ಲ.

"ಕಾಕಾ, ಆ ಹಾಲಿಂದು ಬಂದ್ ಮಾಡಿ ಮತ್ತ ಚಾಲೂ ಮಾಡ್ರಿ" ಎಂದೆ.

ಮಾಡಿದರು. ಮಶೀನ್ ಜೋಡಲೇಲೆ ನಾಹಿ.

ಕಾಕಾ ತೆರೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ತೆರೆ ನೋಡಿದರು. ಎಷ್ಟು ತಿಂಗಳ ಪಿತ್ತ ನನ್ನ ನೆತ್ತಿಗೇರಿತ್ತೋ, ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಯಾರು ಹೇಳಿದರು ನಿಮಗೆ ಇದನ್ನು ಮುಟ್ಟಲು, ಇವತ್ತೇ ಪಾಸ್‌ವರ್ಡ್ ಬದಲಿಸುತ್ತೇನೆ, ಇನ್ನು ಮೇಲೆ ನೀವು ನಂಬರ್ ಒತ್ತುವುದಷ್ಟೇ ಎಂದೆಲ್ಲ. ಅವರು ಸಿಟ್ಟಾಗಲಿಲ್ಲ. ನಿಜವಾಗಿಯೂ ಅರ್ಥವಾಗದವರ ಹಾಗೆ ಕೇಳಿದರು:

"ಹಂಗಾದ್ರ ಬ್ಯಾಡ ಅಂತ ಮಷೀನಽ ಹೇಳ್ತಲ್ರಿ. ಅದು ಸುಳ್ಳ ಹೇಳತೈತೇನು?"

ಯಂತ್ರ ಸುಳ್ಳು ಹೇಳಿರಲಿಲ್ಲ.

ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್ ತರುವುದು, ತೆಗೆಯುವುದು ಎಲ್ಲ ಪ್ಯಾಕೇಜ್ ಮ್ಯಾನೇಜರ್ ಎಂಬ ಉಗ್ರಾಣಿಯ ಕೈಯಲ್ಲಿ. ನೀವು ಒಂದು ಸಾಫ್ಟ್‌ವೇರ್ ಕೇಳಿದರೆ ಅದಕ್ಕೆ ಬೇಕಾದ ಲೈಬ್ರರಿಗಳನ್ನೂ ಜೊತೆಗೆ ತರುತ್ತಾನೆ. ನೀವು ಹೆಸರು ಹಿಡಿದು ಕೇಳಿದ್ದು ಕರೆದ ಬೀಗರು. ಜೊತೆಗೆ ಬಂದದ್ದು ಬೀಗರ ಕೈ ಹಿಡಿದು ಬಂದವರು. ಉಗ್ರಾಣಿ ಇಬ್ಬರಿಗೂ ಬೇರೆ ಬೇರೆ ಗುರುತು ಹಾಕಿಡುತ್ತಾನೆ. ಕರೆದ ಬೀಗರನ್ನು ನೀವು ಕಳಿಸಿಬಿಟ್ಟರೆ, ಅವರ ಕೈ ಹಿಡಿದು ಬಂದವರನ್ನು ಬೇರೆ ಯಾರಾದರೂ ಕೇಳುತ್ತಾರೋ ಎಂದು ನೋಡುತ್ತಾನೆ. ಯಾರೂ ಕೇಳದಿದ್ದರೆ, ಇವರು ಇನ್ನು ಬೇಕಾಗಿಲ್ಲ ಎನ್ನುತ್ತಾನೆ. ನ್ಯಾಯವಾದ ಮಾತೇ.

ಮೊದಲ ದಿನ ಕಾಟಾ ಮಾತಾಡುತ್ತದೋ ಇಲ್ಲವೋ ಎಂದು ನೋಡಲು ಒಂದು ಸಣ್ಣ ಪರೀಕ್ಷೆಯ ಸಾಫ್ಟ್‌ವೇರ್ ಹಾಕಿದ್ದೆ. ಅದರ ಕೈ ಹಿಡಿದು ಸೀರಿಯಲ್ ಲೈಬ್ರರಿ ಬಂದಿತ್ತು. ಪರೀಕ್ಷೆ ಮುಗಿದ ಮೇಲೆ ಸಾಫ್ಟ್‌ವೇರ್ ತೆಗೆದೆ, ಲೈಬ್ರರಿ ಉಳಿಯಿತು. ಹಾಲಿನ ಪ್ರೋಗ್ರಾಮ್ ಅದನ್ನೇ ಬಳಸುತ್ತಿತ್ತು. ಆದರೆ ಆ ಪ್ರೋಗ್ರಾಮ್ ಬಂದದ್ದು ಉಗ್ರಾಣಿಯ ಬಾಗಿಲಿನಿಂದಲ್ಲ, ಫೋಲ್ಡರಾಗಿ ಹಿತ್ತಲಿನಿಂದ. ಉಗ್ರಾಣಿಗೆ ಅದು ಕಣ್ಣಿಗೇ ಬಿದ್ದಿಲ್ಲ. ಇನ್ನೊಂದು ತಮಾಷೆ ಎಂದರೆ ಪಡಿಯಚ್ಚು ತೆಗೆದದ್ದು ಇದೆಲ್ಲ ಆದ ಮೇಲೆ. ತಿಂಗಳು ತಿಂಗಳೂ ನಾನು ಔಷಧಿ ಎಂದು ಇಳಿಸುತ್ತಿದ್ದ ಡಿವಿಡಿಯಲ್ಲೇ ರೋಗವೂ ಇತ್ತು.

ಇದನ್ನು ಕಾಕಾಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಿರುವಾಗ ಮಾವಶಿಯ ನೆನಪಾಯಿತು. ಎರಡು ಭೇಟಿಯಿಂದ ಅವರು ಪಾಳಿಯಲ್ಲಿ ಕಂಡಿರಲಿಲ್ಲ.

"ಆ ಒಂದ ಎಮ್ಮಿ ಮಾವಶಿ ಎಲ್ಲಿ?"

"ಎಮ್ಮಿ ಬತ್ತೈತ್ರಿ. ಗಬ್ಬ ಐತಿ."

"ಹಾಲಽ ಹಾಕವಲ್ರು. ಹೆಸರು ತಗದ್ರೇನು?" ಎಂದೆ.

ಕಾಕಾ ನನ್ನನ್ನು ತಿಳಿಗೇಡಿಯ ಹಾಗೆ ನೋಡಿದರು. "ಹ್ಯಾಂಗ ತಗೀತೀನ್ರಿ? ಇವತ್ತಿಲ್ಲಂದ್ರ ನಾಳಿ ಈಯತೈತಿ. ನಾಳಿ ಆಕಿ ಕಿಟ್ಲಿ ಹಿಡಕೊಂಡು ಬಂದ್ರ ಏನಂತ ಹೇಳ್ಲಿ?"

"ಎಮ್ಮಿ ಗಬ್ಬ ಐತಿ ಅನ್ನೂದು ನಿಮಗ ಗೊತ್ತೈತಿ. ಗೊತ್ತಿಲ್ಲದವ ಪುಸ್ತಕ ನೋಡಿದ್ರ ಏನಂತಾನ? ಹಾಲ ಹಾಕವಲ್ರು, ತಗೀರಿ ಅಂತಾನ. ಈ ಮಷೀನೂ ಹಂಗಽ. ನೀವು ತಗದ್ದು ಕಸ ಅಲ್ಲ ಕಾಕಾ, ಬತ್ತಿದ ಎಮ್ಮಿ."

ಕಾಕಾ ತೆರೆಯ ಮೇಲಿನ ಮರಾಠಿ ಸಾಲನ್ನೇ ನೋಡುತ್ತಿದ್ದರು. ಆಮೇಲೆ ಅಂದರು: "ಹಂಗಾದ್ರ ನನ್ನ ಕೈ ಯಾಕ ಕಟ್ಟತೀರಿ? ಎಮ್ಮಿ ಗಬ್ಬ ಐತಿ ಅಂತ ಅದಕ್ಕ ಹೇಳ್ರಿ."

ಪಾಸ್‌ವರ್ಡ್ ಬದಲಿಸುವ ವಿಚಾರ ಅಲ್ಲಿಗೆ ಬಿಟ್ಟೆ. ಅವರ ಮಾತು ಖರೆ. ಇವರ ಕೈ ಕಟ್ಟಿದರೆ ನಾಳೆ ಇನ್ನೊಬ್ಬರು ಹೊಡೆಯುತ್ತಾರೆ, ಇಲ್ಲವೇ ಮರೆತು ನಾನೇ ಹೊಡೆಯುತ್ತೇನೆ. ತಿಳಿಸಬೇಕಾದದ್ದು ಉಗ್ರಾಣಿಗೆ.

ಸಂಜೆಯ ಹಾಲಿಗೆ ಮೊದಲು ಪಡಿಯಚ್ಚು ಇಳಿಸಿ, ಈ ಸಲ ಅಲ್ಲಿಗೆ ನಿಲ್ಲಿಸದೆ, ಸೀರಿಯಲ್ ಲೈಬ್ರರಿಗೆ ಕರೆದ ಬೀಗರ ಗುರುತು ಹಾಕಿದೆ. ಅದಕ್ಕೆ ಒಂದೇ ಕಮಾಂಡ್ ಸಾಕು. ಆಮೇಲೆ, ತೆಗೆಯದೆ ಬರೀ ತೋರಿಸು ಎಂದು ಯಂತ್ರಕ್ಕೆ ಹೇಳಿ ಪರೀಕ್ಷಿಸಿದೆ. ಸೀರಿಯಲ್ ಉಳಿದಿತ್ತು, ಆದರೆ ಬೇರೆ ಕೆಲವು ಹೆಸರು ಇನ್ನೂ ಹೋಗುವ ಸಾಲಿನಲ್ಲಿದ್ದವು. ಅವುಗಳಲ್ಲಿ ಯಾವುದು ಖರೆ ಕಸ, ಯಾವುದು ಗಬ್ಬದ ಎಮ್ಮಿ? ತಲೆ ಚಚ್ಚಿಕೊಳ್ಳುವ ಹಾಗಾಯಿತು. ಅನುಮಾನ ಬಂದದ್ದಕ್ಕೆಲ್ಲ ತಾತ್ಕಾಲಿಕವಾಗಿ ಗುರುತು ಹಾಕಿ ಚಿಕ್ಕೋಡಿಗೆ ಬಂದೆ.

ಅಂಗಡಿಯಲ್ಲಿ ಒಂದು ಖಾಲಿ ಕಂಪ್ಯೂಟರಿಗೆ ಅದೇ ಪಡಿಯಚ್ಚು ಇಳಿಸಿ, ಒಂದೊಂದೇ ಲೈಬ್ರರಿ ತೆಗೆದು ಹಾಲಿನ ಪ್ರೋಗ್ರಾಮ್ ಓಡಿಸಿ ನೋಡತೊಡಗಿದೆ. ತೆರೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಲೈಬ್ರರಿ ತೆಗೆದರೆ ಪ್ರೋಗ್ರಾಮ್ ಏಳಲೇ ಇಲ್ಲ, ಅದಾದರೂ ಸ್ಪಷ್ಟ. ಚೀಟಿಯ ಅಕ್ಷರದ ಲೈಬ್ರರಿ ತೆಗೆದರೆ ಮಶೀನ್ ಜೋಡಲೇಲೆ ನಾಹಿ. ಲೆಕ್ಕದ್ದು ತೆಗೆದರೂ ಅದೇ. ನೂರು ರೋಗಕ್ಕೆ ಒಂದೇ ಹೆಸರು. ಪ್ರೋಗ್ರಾಮರ್‌ಗೆ ಫೋನ್ ಹಚ್ಚಿ, ಇದೇನಪ್ಪಾ ಎಂದು ಮರಾಠಿಯಲ್ಲೇ ಜಾಡಿಸಿದೆ. ಗಿರಾಕಿಯನ್ನು ಸುಮ್ಮನೆ ಯಾಕೆ ಹೆದರಿಸುವುದು, ಏನು ತಪ್ಪಾದರೂ ವಾಯರ್ ನೋಡಿಕೊಳ್ಳಲಿ ಎಂದು ಹಾಗೆ ಬರೆದಿದ್ದೇನೆ ಎಂದ, ಉಪಕಾರ ಮಾಡಿದವನ ದನಿಯಲ್ಲಿ. ಅವನು ನೋಡಿಕೊಳ್ಳಲಿ ಎಂದ ವಾಯರನ್ನು ನೋಡಿಕೊಂಡೇ ನನ್ನ ತಿಂಗಳುಗಳು ಹೋಗಿದ್ದವು. ಪ್ರೋಗ್ರಾಮ್ ಪೈಥಾನಿನಲ್ಲಿತ್ತು, ತೆರೆದರೆ ಓದಬಹುದು. ಆ ಒಂದೇ ಸಾಲಿನ ಮುಸುಕು ಕಿತ್ತು ಹಾಕಿ, ಯಾವುದು ಇಲ್ಲವೋ ಅದರ ಹೆಸರನ್ನೇ ತೋರಿಸುವ ಹಾಗೆ ಮಾಡಿದೆ. ಆಮೇಲೆ ಕೆಲಸ ಸರಸರ ಸಾಗಿತು.

ಕೊನೆಗೆ ಒಂದು ಖಾಲಿ ಪ್ಯಾಕೇಜ್ ಕಟ್ಟಿದೆ. ಒಳಗೆ ಏನೂ ಇಲ್ಲ, ಹಾಲಿನ ಪ್ರೋಗ್ರಾಮೂ ಇಲ್ಲ. ನನಗೆ ಇಂತಿಂಥ ಲೈಬ್ರರಿ ಬೇಕು ಎಂಬ ಘೋಷಣೆ ಮಾತ್ರ. ಹಾಗೆ ಖಾಲಿ ಪ್ಯಾಕೇಜ್ ಕಟ್ಟಲೆಂದೇ ಲಿನಕ್ಸ್‌ನಲ್ಲಿ ಸಾಧನವಿದೆ. ಅದಕ್ಕೆ ಹಾಲುಜಾಮೀನು ಎಂದು ಹೆಸರಿಟ್ಟೆ. ಅದು ಕೂತಿರುವವರೆಗೆ, ಅದು ಕೇಳಿದ ಯಾರನ್ನೂ ಉಗ್ರಾಣಿ ಬೇಡ ಎನ್ನುವುದಿಲ್ಲ. ಸಾಫ್ಟ್‌ವೇರ್ ಮಾರುವ ಹುಡುಗರಿಗೆ ನನ್ನ ಸಲಹೆ ಇದೇ: ಫೋಲ್ಡರ್ ನಕಲು ಮಾಡಿ ಕೈ ತೊಳೆದುಕೊಳ್ಳಬೇಡಿ. ನಿಮಗೆ ಯಾರು ಬೇಕು ಎಂಬುದನ್ನು ಯಂತ್ರದ ಮುಂದೆ ಬಾಯಿಬಿಟ್ಟು ಹೇಳಿ.

ಸಂಘದ ಕಂಪ್ಯೂಟರಿಗೆ ಹಾಲುಜಾಮೀನನ್ನು ಹಾಕಿ, ಉಳಿದ ಖರೆ ಕಸವನ್ನು ನಾನೇ ಕಳೆದು, ಹೊಸ ಪಡಿಯಚ್ಚು ತೆಗೆದು, ಹಳೆಯ ಡಿವಿಡಿಯನ್ನು ಮುರಿದು, ಚೇರಮನ್ನರ ಮುಂದೆ ಹೋಗಿ ಕೂತೆ. ಇನ್ನು ನಿಲ್ಲುವುದಿಲ್ಲ ಎಂದರೆ ಅವರು ನಂಬುವವರಲ್ಲ. ಮೂರು ಸಲ ಅದನ್ನೇ ಹೇಳಿದ್ದೆ. ಹಾಗಾಗಿ ಒಂದು ಕರಾರಿಗೆ ಕೂತೆ. ಬರುವ ಅಮಾವಾಸ್ಯೆಗೆ ನಿಮ್ಮೆದುರಿಗೇ ಕಾಕಾ ಅದೇ ಕಮಾಂಡ್ ಹೊಡೆಯಲಿ. ಮರುದಿನ ನಿಂತರೆ ಡಬ್ಬಿ ಒಯ್ಯುತ್ತೇನೆ, ಒಂದು ಮಾತೂ ಆಡುವುದಿಲ್ಲ. ನಿಲ್ಲದಿದ್ದರೆ ಜುಗೂಳದವರಿಗೆ ನೀವೇ ನಿಮ್ಮ ಬಾಯಿಂದ ಹೇಳಬೇಕು.

"ಓಡಾಕತ್ತಿದ್ದನ್ನ ಸುಮ್ನ ಯಾಕ ಕೆಣಕತೀರಿ?" ಎಂದರು ಚೇರಮನ್.

"ನನ್ನ ಬೆನ್ನ ಹಿಂದ ಸಾಯೂಕಿಂತ ಕಣ್ಣಮುಂದ ಸಾಯಲಿ" ಎಂದೆ.

ಅಮಾವಾಸ್ಯೆ ಬಂತು. ತೊಳೆದದ್ದಾಯಿತು, ಕುಂಕುಮ, ಅಕ್ಷತೆ ಆಯಿತು. ಚೇರಮನ್ ಬಾಗಿಲಲ್ಲಿ ನಿಂತರು, ನಾನು ಅದೇ ಮೂಲೆಯ ಕುರ್ಚಿಯಲ್ಲಿ. ಕಾಕಾ ಒಂದೇ ಬೆರಳಿನಿಂದ ಕಮಾಂಡ್ ಹೊಡೆದು, ಕೊನೆಯ ಗುಂಡಿ ಒತ್ತುವ ಮೊದಲು ಒಮ್ಮೆ ನನ್ನ ಕಡೆ ತಿರುಗಿ ನೋಡಿದರು. ಒತ್ತಿದರು. ಯಂತ್ರ ಈ ಸಲ ತೆಗೆಯಲೇ ಎಂದು ಕೇಳಲೇ ಇಲ್ಲ. ತೆಗೆಯಬೇಕಾದದ್ದು ಸೊನ್ನೆ ಎಂದು ಹೇಳಿ ಸುಮ್ಮನಾಯಿತು. ಕಾಕಾ ಆ ಸಾಲಿನ ಮೇಲೆ ಬೆರಳಿಟ್ಟು ಓದಿ ಕಿಟಕಿ ಮುಚ್ಚಿದರು.

ಮರುದಿನ ಹೊತ್ತು ಹುಟ್ಟುವ ಮೊದಲೇ ನಾನು ಅಲ್ಲಿದ್ದೆ. ಚೇರಮನ್ನರೂ ಇದ್ದರು, ಹೊಲಕ್ಕೆ ಹೋಗಿರಲಿಲ್ಲ. ಕಾಕಾ ಯಂತ್ರ ಚಾಲೂ ಮಾಡಿ ಹಾಲಿನ ಪ್ರೋಗ್ರಾಮ್ ತೆರೆದರು. ತೆರೆಯ ಮೇಲೆ ತೂಕದ ಸೊನ್ನೆ, ಫ್ಯಾಟಿನ ಸೊನ್ನೆ. ಮರಾಠಿ ಸಾಲು ಬರಲಿಲ್ಲ. ಪಾಳಿ ಸರಿಯತೊಡಗಿತು.

ಪಾಳಿಯ ಹಿಂದಿನಿಂದ ಮಾವಶಿ ಬಂದರು, ಕೈಯಲ್ಲಿ ಕಿಟ್ಲಿ. ಎಮ್ಮೆ ಈದು, ಗಿಣ್ಣುಹಾಲಿನ ದಿನಗಳು ಮುಗಿದು, ಅವತ್ತೇ ಮೊದಲ ಹಾಲು ಹಾಕಲು ತಂದಿದ್ದರು. ಸುರಿಯುವ ಮೊದಲು ಕಾಕಾನನ್ನು ಕೇಳಿದರು: "ನನ್ನ ನಂಬರ್ ಇಟ್ಟೀರೋ, ತಗದೀರೋ?"

"ಎಲ್ಲಿ ಹೋಗತೈತಿ ಯಕ್ಕಾ? ಸುರಿ" ಎಂದರು ಕಾಕಾ.

ನಂಬರ್ ಒತ್ತಿದರು. ಪ್ರಿಂಟರ್ ಕಿರ್ರೆಂದಿತು. ಮಾವಶಿ ಚೀಟಿಯನ್ನು ಬೆಳಕಿಗೆ ಹಿಡಿದು ಫ್ಯಾಟಿನ ಅಂಕಿ ನೋಡಿದರು. ಹಿಂದೆ ನಿಂತಿದ್ದವರಿಗೂ ಒಮ್ಮೆ ತೋರಿಸಿ ಸೆರಗಿಗೆ ಕಟ್ಟಿಕೊಂಡು ಹೋದರು. ಚೇರಮನ್ ಹೊರಗೆ ಹೋಗಿ ಕಟ್ಟೆಯ ಮೇಲೆ ನಿಂತು ಫೋನ್ ಹಚ್ಚಿದರು. ಜುಗೂಳದವರಿಗೆ ಎಂದು ಅವರ ದನಿಯಿಂದ ಗೊತ್ತಾಯಿತು. ದೂರದ ಊರಿನವರ ಜೊತೆ ಅವರು ಫೋನ್ ಬೇಡವೆನ್ನುವ ಹಾಗೆ ಕೂಗಿಯೇ ಮಾತಾಡುವುದು.

ಗಾಡಿ ಹೋದ ಮೇಲೆ ಕಾಕಾ ನನ್ನ ಹತ್ತಿರ ಬಂದರು. ಮುಖ ಸಪ್ಪಗಿತ್ತು.

"ಎಲ್ಲಾ ಖರೇರಿ, ಸಾವ್ಕಾರ್ರ. ಆದ್ರ ಮುಂದಿನ ಅಮಾಸಿಗೆ ಇದರಾಗಿಂದು ಏನ ತಗೀಲಿ?"

ಇಷ್ಟೆಲ್ಲ ಆದ ಮೇಲೂ ಇದೇ ಪ್ರಶ್ನೆ. ನಾನು ಎದ್ದು ಹೋಗಿ ಕೀಬೋರ್ಡಿನ ವಾಯರ್ ಬಿಚ್ಚಿ, ಅದನ್ನು ಬೋರಲು ತಿರುವಿ, ಅವರ ಎದುರಿಗೇ ಟೇಬಲ್ಲಿಗೆ ಬಡಿದೆ. ಅಷ್ಟು ಅಮಾವಾಸ್ಯೆಗಳ ಅಕ್ಕಿ ಕಾಳು, ಕುಂಕುಮದ ಪುಡಿ, ಅಗರಬತ್ತಿಯ ಬೂದಿ ಎಲ್ಲ ಬಳಬಳನೆ ಉದುರಿ ಒಂದು ಸಣ್ಣ ಗುಡ್ಡೆಯಾಯಿತು.

"ಇದನ್ನ ತಗೀರಿ" ಎಂದೆ.

ಕಾಕಾ ಕಸಬರಿಗೆ ತರಲು ಒಳಗೆ ಹೋದರು.